ಮ್ಯೂನಿಕ್ ವಿಮಾನ ಹತ್ತೋ ಮುಂಚೆ ಸಾರು ಕಲಿ

"ಅಕ್ಕಾ, ಅಕ್ಟೋಬರ್‌ಗೆ ಎಂ.ಎಸ್. ಮಾಡೋಕೆ ಮ್ಯೂನಿಕ್‌ಗೆ ಬರ್ತಿದ್ದೀನಿ. ರೂಮು, ಚಳಿ, ಭಾಷೆ ಎಲ್ಲಾ ಹೇಗೆ? ಯೂನಿವರ್ಸಿಟಿ ಕ್ಯಾಂಟೀನ್ ಇದ್ದೇ ಇದೆ, ಅಡುಗೆ ಕಲಿಯಲೇಬೇಕಾ? ಅಮ್ಮ ಕುಕ್ಕರ್ ತಗೊಂಡು ಹೋಗು ಅಂತ ಪ್ರಾಣ ತಿಂತಿದ್ದಾರೆ" ಅಂತ ಕೇಳಿದ್ದೀಯಲ್ಲ ತಮ್ಮಾ, ಒಂದೊಂದಾಗಿ ಹೇಳ್ತೀನಿ. ರೂಮು ಸಿಗೋದು ಕಷ್ಟ, ಇವತ್ತೇ ಹುಡುಕೋಕೆ ಶುರು ಮಾಡು. ಜಾಕೆಟ್ ಇಲ್ಲೇ ತಗೋ. ಜರ್ಮನ್ ಭಾಷೆ ಕಲಿ. ಅಡುಗೆ ವಿಷಯ ಮಾತ್ರ ಸ್ವಲ್ಪ ಉದ್ದ.

ಕ್ಯಾಂಟೀನಿಗೆ ಇಲ್ಲಿ ಮೆನ್ಸಾ ಅಂತಾರೆ. ಊಟ ಅಗ್ಗ, ಸಸ್ಯಾಹಾರವೂ ಸಿಗುತ್ತೆ. ಆದ್ರೆ ಅದು ಮಧ್ಯಾಹ್ನದ ಮಾತು, ಅದೂ ವಾರದ ದಿನ. ವೀಸಾಗೆ ಅಂತ ಮುಂಚೆಯೇ ದುಡ್ಡು ಕಟ್ಟಿಡೋ ಬ್ಲಾಕ್ಡ್ ಅಕೌಂಟ್‌ನಿಂದ ತಿಂಗಳಿಗೆ ನಿನ್ನ ಕೈಗೆ ಬರೋದು 992 ಯೂರೋ, ಈ ಊರಲ್ಲಿ ಬಾಡಿಗೆಗೇ ಅರ್ಧಕ್ಕಿಂತ ಹೆಚ್ಚು ಹೋಗುತ್ತೆ. ಹೋಟೆಲಲ್ಲಿ ಮಸಾಲೆ ದೋಸೆಗೆ ಹತ್ತು ಯೂರೋ ದಾಟುತ್ತೆ. ಮನಸ್ಸಲ್ಲೇ ರೂಪಾಯಿ ಲೆಕ್ಕ ಹಾಕಿದ್ರೆ ದೋಸೆ ಗಂಟಲಲ್ಲಿ ಇಳಿಯಲ್ಲ.

ನಾನು ಬಂದದ್ದು 2015ರಲ್ಲಿ. ಆ ವರ್ಷ ಕ್ರಿಸ್‌ಮಸ್ ಶುಕ್ರವಾರ ಬಿದ್ದಿತ್ತು. 24ರ ಮಧ್ಯಾಹ್ನ ಅಂಗಡಿ ಮುಚ್ಚಿದ್ರು. 25, 26 ರಜೆ, 27 ಭಾನುವಾರ. ಸ್ಟೇಷನ್ ಅಂಗಡಿಗಳಂಥವು ಬಿಟ್ರೆ ಭಾನುವಾರ ಇಲ್ಲಿ ಅಂಗಡಿ ತೆಗೆಯೋ ಹಾಗಿಲ್ಲ, ಕಾನೂನೇ ಹಾಗೆ. ನನಗೆ ಜ್ವರ ಬೇರೆ. ಕಪಾಟಲ್ಲಿ ಅಕ್ಕಿ, ತೊಗರಿಬೇಳೆ, ಅಮ್ಮ ಕುಟ್ಟಿಸಿ ಕೊಟ್ಟ ಸಾರಿನ ಪುಡಿ ಎಲ್ಲಾ ಇತ್ತು, ಮಾಡೋಕೆ ಬರ್ತಿರಲಿಲ್ಲ ಅಷ್ಟೆ. ಹಾಸ್ಟೆಲಿನ ಅದೇ ಮಹಡಿಯಲ್ಲಿದ್ದ ಗುಂಟೂರಿನ ಹುಡುಗ ಬಿಸಿ ಅನ್ನ, ಚಾರು ತಂದು ಬಾಗಿಲು ತಟ್ಟಿದ. ಆಮೇಲೂ ಎಷ್ಟೋ ಭಾನುವಾರ ಅವನ ಕೈ ಊಟವೇ. ತಿರುಗಿ ಒಂದು ಸಲ "ನಮ್ಮಲ್ಲಿಗೆ ಊಟಕ್ಕೆ ಬಾರಪ್ಪ" ಅಂತ ಕರೆಯೋಕೆ ನನಗೆ ಬಾಯಿ ಬರಲಿಲ್ಲ. ಬಂದ್ರೆ ಏನು ಬಡಿಸಲಿ? ನನ್ನ ಹುಳಿ ಒಂದು ಹದಕ್ಕೆ ಬರೋ ಹೊತ್ತಿಗೆ ಅವನು ಕೆನಡಾ ಸೇರಿದ್ದ. ಹಾಸನದ ಕಡೆಯವಳಿಗೆ ಇದು ಎಷ್ಟು ಚುಚ್ಚುತ್ತೆ ಅಂತ ನಿನಗೆ ಬಿಡಿಸಿ ಹೇಳಬೇಕಿಲ್ಲ. ಇಲ್ಲಿನ ಹಾಸ್ಟೆಲಲ್ಲಿ ನಾಲ್ಕು ಜನ ಕೂತು ಮಾತಾಡೋ ಜಾಗ ಅಂದ್ರೆ ಅಡುಗೆಮನೆಯೇ. ಅಲ್ಲಿ ಬರೀ ಮೈಕ್ರೋವೇವ್ ಗುಂಡಿ ಒತ್ತಿ ರೂಮಿಗೆ ಓಡೋರ ಪರಿಚಯ ಯಾರಿಗೂ ಆಗಲ್ಲ.

ಒಲೆ ಗ್ಯಾಸಿನದ್ದಲ್ಲ, ಕರೆಂಟಿನದ್ದು. ಆರಿಸಿದ ಮೇಲೂ ಕಾವು ಬಿಡಲ್ಲ, ಒಗ್ಗರಣೆ ಹೊತ್ತೋದು ಅಲ್ಲೇ. ಸಾಸಿವೆ ಸಿಡಿಯೋಕೆ ಶುರುವಾದ ಕೂಡಲೇ ಬಾಣಲೆ ಎತ್ತಿ ಪಕ್ಕಕ್ಕಿಟ್ಟು, ಆಮೇಲೆ ಇಂಗು, ಒಣಮೆಣಸಿನಕಾಯಿ ಹಾಕು. ಎಣ್ಣೆ ಹೊಗೆಯಾಡಿದ್ರೆ ಸ್ಮೋಕ್ ಅಲಾರಂ ಬಡ್ಕೊಂಡು ಇಡೀ ಮಹಡಿ ಹೊರಗೆ ಬರುತ್ತೆ, ಮುಖ ತೋರಿಸೋಕಾಗಲ್ಲ. ಮ್ಯೂನಿಕ್ ನೀರು ಗಡಸು, ತೊಗರಿಬೇಳೆ ಬೇಗ ಕರಗಲ್ಲ. ನೆನೆಸಿಟ್ಟು ಚಿಟಿಕೆ ಅಡುಗೆ ಸೋಡಾ ಹಾಕಿ ಬೇಯಿಸು. ಅವಸರಕ್ಕೆ ಕೆಂಪು ಮಸೂರ್ ಬೇಳೆ ಎಲ್ಲಾ ಸೂಪರ್‌ಮಾರ್ಕೆಟಲ್ಲೂ ಸಿಗುತ್ತೆ, ಕುಕ್ಕರ್ ಇಲ್ಲದೆ ಹದಿನೈದು ನಿಮಿಷಕ್ಕೆ ಬೇಯುತ್ತೆ. ಪಾಯಸಕ್ಕೆ ಅಂತ ಮಾರೋ ಗುಂಡು ಅಕ್ಕಿಯಲ್ಲಿ ಮೊಸರನ್ನ ಬಹಳ ಚೆನ್ನಾಗಾಗುತ್ತೆ, ನಮ್ಮೂರಿನ ಸೋನಾ ಮಸೂರಿಗಿಂತಲೂ. ಇದನ್ನ ಅಮ್ಮನಿಗೆ ಹೇಳಬೇಡ.

ಕುಕ್ಕರ್ ವಿಷಯದಲ್ಲಿ ಅಮ್ಮ ಹೇಳೋದೇ ಸರಿ, ತಾ. ಅಲ್ಯೂಮಿನಿಯಂದು ಬೇಡ, ಇಂಡಕ್ಷನ್ ಒಲೆ ಸಿಕ್ಕಿದ್ರೆ ದಂಡ. ಇಂಡಕ್ಷನ್‌ಗೆ ಆಗೋ ಸ್ಟೀಲಿಂದು ತಗೊಂಡು, ಎರಡು ಗ್ಯಾಸ್ಕೆಟ್ ಹೆಚ್ಚಿಗೆ ಇಟ್ಕೋ. ಹೊರಡೋ ಮುಂಚೆ ಒಂದು ವಾರ ಅಮ್ಮನ್ನ ಕೂರಿಸಿ ಅನ್ನ, ಸಾರು, ಒಂದು ಪಲ್ಯ ನೀನೇ ಮಾಡು. ಮಧ್ಯೆ ಸೌಟು ಕಿತ್ಕೊಳ್ಳೋಕೆ ಬಂದ್ರೆ ಕೊಡಬೇಡ. ತುಪ್ಪ, ಧಾರವಾಡ ಪೇಡ ಕಟ್ಟಿ ಕೊಟ್ರೂ ತರಬೇಡ. ಹಾಲಿನ ಪದಾರ್ಥ ಯೂರೋಪಿಗೆ ಬಿಡಲ್ಲ, ಸಿಕ್ಕಿದ್ರೆ ಕಸ್ಟಮ್ಸ್‌ನೋರು ಕಣ್ಣೆದುರೇ ಕಸಕ್ಕೆ ಹಾಕ್ತಾರೆ. ಇಲ್ಲಿನ ಬೆಣ್ಣೆ ಒಳ್ಳೇದು, ಉಪ್ಪಿಲ್ಲದ್ದು ತಂದು ನೀನೇ ಕಾಯಿಸ್ಕೋ. ನಾನು ಕಾಯಿಸೋದೂ ಹಾಗೇ.