ಓದುಗರ ಪ್ರಶ್ನೆ: ಕಾದಂಬರಿಯ ‘ವಾಸ್ತವ’ವನ್ನು ನಂಬಬಹುದೇ?

ಪ್ರಶ್ನೆ: ಡ್ಯಾನ್ ಬ್ರೌನ್ ಅವರ ‘ದ ಡಾ ವಿಂಚಿ ಕೋಡ್’ ಓದಿದ ನನ್ನ ಗೆಳೆಯರೊಬ್ಬರು, ಯೇಸುವನ್ನು ದೇವರೆಂದು ಮಾಡಿದ್ದು ನಾಲ್ಕನೆಯ ಶತಮಾನದಲ್ಲಿ ನೈಸಿಯಾ ಎಂಬ ಊರಿನಲ್ಲಿ ಸೇರಿದ ಬಿಷಪ್ಪರ ಸಭೆಯ ಮತದಾನವೇ ಎಂದು ಸಾಧಿಸುತ್ತಾರೆ. ಅವರು ಯಾವ ಧರ್ಮವನ್ನೂ ನಂಬುವವರಲ್ಲ. ಎಲ್ಲವನ್ನೂ ಪ್ರಶ್ನಿಸುವವರು ಇದನ್ನು ನಂಬಿದ್ದಾದರೂ ಹೇಗೆ?

ಉತ್ತರ: ಕಥೆ ಶುರುವಾಗುವ ಮೊದಲೇ ಅವರು ಸಿಕ್ಕಿಬಿದ್ದಿರಬೇಕು. 2003ರಲ್ಲಿ ಬಂದ ಆ ಕಾದಂಬರಿಯ ಆರಂಭದಲ್ಲಿ ‘ವಾಸ್ತವ’ ಎಂಬ ತಲೆಬರಹದ ಪುಟವೊಂದಿದ್ದು, ಕಥೆಯಲ್ಲಿ ಯೇಸುವಿನ ಗುಟ್ಟನ್ನು ಕಾಯುವ ಪ್ರಯರಿ ಆಫ್ ಸಯನ್ ಎಂಬ ಗುಪ್ತ ಸಂಘವು 1099ರಲ್ಲಿ ಸ್ಥಾಪನೆಯಾದ ನಿಜವಾದ ಸಂಸ್ಥೆಯೆಂದು ಅದು ಸಾರುತ್ತದೆ. ಆ ಹೆಸರಿನ ಸಂಘವನ್ನು ಪಿಯೆರ್ ಪ್ಲಾಂತಾರ್ ಎಂಬಾತ ಫ್ರಾನ್ಸಿನಲ್ಲಿ ನೋಂದಾಯಿಸಿದ್ದು 1956ರಲ್ಲಿ. ಅದಕ್ಕೆ ಹಳೆಯ ವಂಶಾವಳಿ ಕಟ್ಟಲು ಅವನೂ ಸಂಗಡಿಗರೂ ಖೋಟಾ ದಾಖಲೆಗಳನ್ನು ಸೃಷ್ಟಿಸಿ ಪ್ಯಾರಿಸ್ಸಿನ ರಾಷ್ಟ್ರೀಯ ಗ್ರಂಥಾಲಯಕ್ಕೆ ಸೇರಿಸಿದರು. ಗ್ರಂಥಾಲಯದ ಕಪಾಟು ಸೇರಿದ ಕಾಗದಕ್ಕೆ ಎಲ್ಲಿಲ್ಲದ ಮರ್ಯಾದೆ ಬಂದುಬಿಡುತ್ತದೆ.

ಇನ್ನು ನೈಸಿಯಾ. 325ರ ಆ ಸಭೆಯಲ್ಲಿ ಚರ್ಚೆಯಾದದ್ದು, ಮಗನಾದ ಕ್ರಿಸ್ತನು ತಂದೆಯಾದ ದೇವರಿಗೆ ಸಮಾನನೋ, ಅಥವಾ ಏರಿಯಸ್ ಎಂಬ ಪಾದ್ರಿ ಬೋಧಿಸಿದಂತೆ ದೇವರಿಂದ ಸೃಷ್ಟಿಯಾದವನೋ ಎಂಬುದು. ಕೊನೆಗೆ ಸಿದ್ಧವಾದ ವಿಶ್ವಾಸಪ್ರಮಾಣಕ್ಕೆ, ಅಂದರೆ ಕ್ರೈಸ್ತ ನಂಬಿಕೆಯ ಅಧಿಕೃತ ಹೇಳಿಕೆಗೆ, ಸಹಿ ಹಾಕಲು, ನೆರೆದಿದ್ದ ಇನ್ನೂರಕ್ಕೂ ಹೆಚ್ಚು ಬಿಷಪ್ಪರಲ್ಲಿ ಒಪ್ಪದೆ ಉಳಿದವರು ಇಬ್ಬರೇ. ಕ್ರಿಸ್ತನ ಆರಾಧನೆಯಾದರೋ ಅದಕ್ಕಿಂತ ಬಹಳ ಹಳೆಯದು. ನೈಸಿಯಾ ಇದ್ದ, ರೋಮನ್ ಸಾಮ್ರಾಜ್ಯದ ಬಿಥಿನಿಯಾ ಪ್ರಾಂತ್ಯದಲ್ಲೇ, ಸಭೆಗೆ ಸುಮಾರು 200 ವರ್ಷ ಮೊದಲು ರಾಜ್ಯಪಾಲನಾಗಿದ್ದ ಪ್ಲಿನಿಯು, ಕ್ರೈಸ್ತರು ಗೊತ್ತಾದ ದಿನ ಬೆಳಗಾಗುವ ಮುನ್ನ ಕೂಡಿ, ಕ್ರಿಸ್ತನನ್ನು ದೇವರೆಂಬಂತೆ ಹಾಡಿ ಸ್ತುತಿಸುತ್ತಾರೆಂದು ಚಕ್ರವರ್ತಿ ಟ್ರಾಜನ್‌ಗೆ ಬರೆದಿದ್ದಾನೆ. ಅವನು ಕ್ರೈಸ್ತನಲ್ಲ, ಕ್ರೈಸ್ತರನ್ನು ಶಿಕ್ಷಿಸುತ್ತಿದ್ದ ಅಧಿಕಾರಿ. ಹಾಗಾಗಿಯೇ ಅವನ ಸಾಕ್ಷ್ಯವನ್ನು ನಾನು ಗಟ್ಟಿಯೆನ್ನುತ್ತೇನೆ.

ನಂಬಿದ್ದು ಹೇಗೆ ಎಂದಿರಿ. ಧರ್ಮಸಂಸ್ಥೆಗಳ ಮೇಲಿನ ಅಪನಂಬಿಕೆಗೆ ಚರಿತ್ರೆಯಲ್ಲಿ ಸಾಕಷ್ಟು ಕಾರಣಗಳಿವೆ, ಅದನ್ನು ನಾನು ಅಲ್ಲಗಳೆಯಲಾರೆ. ಆದರೆ ‘ಚರ್ಚು ಇದನ್ನು ಮುಚ್ಚಿಟ್ಟಿತು’ ಎಂಬ ಮಾತನ್ನು ಒಮ್ಮೆ ಒಪ್ಪಿಕೊಂಡರೆ, ಪುರಾವೆ ಸಿಗದಿರುವುದೇ ಪುರಾವೆಯಾಗಿಬಿಡುತ್ತದೆ. ಧರ್ಮಗ್ರಂಥಗಳ ಪರಿಚಯವೇ ಇಲ್ಲದೆ ಬೆಳೆದವರಿಗೆ ಕಾದಂಬರಿಯ ಮಾತನ್ನು ಒರೆಗೆ ಹಚ್ಚಿ ನೋಡುವ ಕಲ್ಲೂ ಕೈಯಲ್ಲಿರುವುದಿಲ್ಲ. ಪ್ಯಾರಿಸ್ಸಿನ ಸಾಂ ಸುಲ್ಪೀಸ್ ಚರ್ಚಿನ ನೆಲದಲ್ಲಿ, ಬಿಸಿಲಿನ ಚಲನೆ ಅಳೆಯಲು 18ನೆಯ ಶತಮಾನದಲ್ಲಿ ಕೂರಿಸಿದ ಹಿತ್ತಾಳೆಯ ಪಟ್ಟಿಯೊಂದಿದೆ. ಕಾದಂಬರಿ ಓದಿ ಬಂದವರಿಗಾಗಿ, ಅದು ಯಾವ ಪುರಾತನ ದೇಗುಲದ ಕುರುಹೂ ಅಲ್ಲವೆಂದು ಅಲ್ಲಿ ಫಲಕವನ್ನೇ ಹಾಕಬೇಕಾಯಿತು.

ಗೆಳೆಯರ ಕೈಯಿಂದ ಕಾದಂಬರಿಯನ್ನು ಕಿತ್ತುಕೊಳ್ಳಬೇಡಿ. ಪ್ಲಿನಿಯ ಪತ್ರವನ್ನೂ ಓದಲು ಕೊಡಿ. ಅದು ಒಂದೆರಡು ಪುಟದಲ್ಲಿ ಮುಗಿಯುತ್ತದೆ.