ನಂಬು ಬಂದೂಕಿನ ಲೇಖನ ಕಳಿಸಿದವರಿಗೆ

ನಮಸ್ಕಾರ.

ಜಪಾನಿನ ಮೊದಮೊದಲ ಸಬ್‌ಮಷೀನ್ ಗನ್ (ಪಿಸ್ತೂಲು ಗುಂಡನ್ನು ಒಂದೇ ಸಮನೆ ಹಾರಿಸುವ ಕೈಬಂದೂಕು) ಬಗ್ಗೆ ನೀವು ಬರೆದದ್ದನ್ನು ಎರಡು ಸಲ ಓದಿದೆ. ಈಗ ಇರುವ ಹಾಗೆ ಪತ್ರಿಕೆಯಲ್ಲಿ ಹಾಕಿಕೊಳ್ಳಲು ಆಗುವುದಿಲ್ಲ. ಆದರೆ ವಿಷಯ ಬಿಡಬೇಡಿ.

ಮೊದಲ ಎರಡು ಪುಟ ಸಮುರಾಯ್, ಕತ್ತಿ, ಹಿರೋಶಿಮಾ. ಪೂರ್ತಿ ತೆಗೆದುಬಿಡಿ. ಕಥೆ ಶುರುವಾಗುವುದೇ ಮೂರನೇ ಪುಟದಲ್ಲಿ. 1924ರಲ್ಲಿ ಜಪಾನ್ ಸೇನೆಯಿಂದ ನಿವೃತ್ತರಾದ ಬಂದೂಕು ವಿನ್ಯಾಸಕಾರ ನಂಬು ಕಿಜಿರೊ ಸ್ವಂತ ಕಾರ್ಖಾನೆ ಹಾಕುತ್ತಾರೆ. 1930ರ ದಶಕದಲ್ಲಿ ಅವರ ಪ್ರಯೋಗದ ಬಂದೂಕು ಬರುತ್ತದೆ. 50 ಗುಂಡುಗಳ ಬಾಗಿದ ಮ್ಯಾಗಜೀನು (ಗುಂಡು ತುಂಬುವ ಡಬ್ಬಿ), ಅದನ್ನು ತೂರಿಸುವುದು ಬಂದೂಕಿನ ಹಿಡಿಯೊಳಗೇ! ಇದನ್ನು ಒಂದೇ ಸಾಲಲ್ಲಿ ಮುಗಿಸಿದ್ದೀರಲ್ಲ? ಅಷ್ಟುದ್ದ ಕೆಳಗೆ ಇಳಿಬಿದ್ದಿದ್ದರೆ ನೆಲಕ್ಕೆ ಅಂಟಿ ಮಲಗಿ ಹೊಡೆಯುವವನ ಪಾಡೇನು? ಮುಂದೆ ಸೇನೆಯ ಟೈಪ್ 100 ಸಬ್‌ಮಷೀನ್ ಗನ್ನಿನಲ್ಲಿ ಮ್ಯಾಗಜೀನು ಎಡಗಡೆಗೆ ಬಂತು, ಗುಂಡು 30ಕ್ಕೆ ಇಳಿಯಿತು. ಇವೆರಡನ್ನೂ ಪಕ್ಕಪಕ್ಕ ಇಟ್ಟು ತೋರಿಸಿ.

‘ಟೈಪ್ 100 ಅಂದರೆ ನೂರನೇ ಮಾದರಿ’ ಎಂದಿದ್ದೀರಿ. ತಪ್ಪು. 1940 ಜಪಾನಿನ ಸಾಮ್ರಾಜ್ಯ ಪಂಚಾಂಗದಲ್ಲಿ 2600ನೇ ವರ್ಷ. ಆಯುಧಕ್ಕೆ ವರ್ಷದ ಕೊನೆಯ ಅಂಕಿಗಳ ಹೆಸರಿಡುತ್ತಿದ್ದರು, ಆ ವರ್ಷ ಅವು ಬರೀ ಸೊನ್ನೆ. ಸೇನೆ ಅದನ್ನು 100 ಎಂದು ಬರೆಯಿತು, ನೌಕಾಪಡೆ 0 ಎಂದಿತು. ನೌಕಾಪಡೆಯ ಜೀರೊ ಯುದ್ಧವಿಮಾನದ ಹೆಸರು ಬಂದದ್ದೂ ಅಲ್ಲಿಂದಲೇ. ಓದುಗರು ಇಂಥದ್ದನ್ನು ಮರೆಯುವುದಿಲ್ಲ.

ಸಬ್‌ಮಷೀನ್ ಗನ್ನಿಗೆ ಒಲವು ತೋರದ ‘ಸೇನಾಧಿಕಾರಿಗಳು ದಡ್ಡರು’ ಎಂದು ತೀರ್ಪು ಕೊಟ್ಟು ಕೈ ತೊಳೆದುಕೊಳ್ಳಬೇಡಿ. ನೌಕಾಪಡೆಯವರು 1932ರಲ್ಲಿ ಶಾಂಘೈ ಬೀದಿಗಳಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ತಯಾರಾದ ಬರ್ಗ್‌ಮನ್ ಸಬ್‌ಮಷೀನ್ ಗನ್ ಹಿಡಿದು ಕಾದಿದ್ದರು. ಅಂದರೆ ಗೊತ್ತಿಲ್ಲದ ಆಯುಧವೇನಲ್ಲ. ಜಪಾನಿನ 8 ಮಿ.ಮೀ. ಪಿಸ್ತೂಲು ಗುಂಡು ಜರ್ಮನರ 9 ಮಿ.ಮೀ. ಗುಂಡಿನ ಮುಂದೆ ಸಪ್ಪೆ. ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಇನ್ನು ಟೈಪ್ 100ಕ್ಕೆ ಬಯೊನೆಟ್ ಸಿಕ್ಕಿಸುವ ಜಾಗ ಇತ್ತಲ್ಲ, ಅದು ನಿಮ್ಮ ಪಟ್ಟಿಯ ಹನ್ನೊಂದನೇ ಸಾಲಲ್ಲಿ ಅಡಗಿ ಕೂತಿದೆ. ಗುಂಡಿನ ಮಳೆ ಸುರಿಸುವ ಬಂದೂಕಿಗೂ ಇರಿಯುವ ಕತ್ತಿ! ಆ ಸೇನೆಯ ಮನಸ್ಸನ್ನು ಹೇಳಲು ನಿಮ್ಮ ಸಮುರಾಯ್ ಪುಟಗಳಿಗಿಂತ ಇದು ಸಾಕು.

‘ನಂಬು ಬಂದೂಕನ್ನು ಯಾರೂ ನಂಬಲಿಲ್ಲ’ ಓದಿ ನಕ್ಕೆ. ಒಂದು ಸಲ ಇರಲಿ. ನೀವು ನಾಲ್ಕು ಸಲ ಹೇಳಿದ್ದೀರಿ. ‘ಉಪಯಂತ್ರಕೋವಿ’ ಬೇಡ, ಸಬ್‌ಮಷೀನ್ ಗನ್ ಅಂತಲೇ ಬರೆಯಿರಿ. ಮ್ಯಾಗಜೀನನ್ನು ಒಂದು ಕಡೆ ‘ನಿಯತಕಾಲಿಕೆ’ ಮಾಡಿದ್ದೀರಿ. ಅದು ನಾವು ತರುವುದು ಮಾರಾಯ್ರೇ, ಬಂದೂಕಿಗೆ ಹಾಕುವುದಲ್ಲ.

ಅರ್ಧಕ್ಕೆ ಇಳಿಸಿ, ಹಿಡಿಯೊಳಗಿನ ಆ ಮ್ಯಾಗಜೀನಿನಿಂದ ಶುರುಮಾಡಿ ಕಳಿಸಿ. ಖಂಡಿತ ಓದುತ್ತೇನೆ.

ಇಂತಿ,
ಸಂಪಾದಕ