ಫಿಸಿಕ್ಸ್ ಓದಿದರೆ ಹೊಟ್ಟೆ ತುಂಬುತ್ತಾ?

ಪ್ರಶ್ನೆ: ಮಗಳು ಬಿಎಸ್ಸಿ ಎರಡನೇ ವರ್ಷ. ಭೌತವಿಜ್ಞಾನಿ ಆಗಬೇಕು ಅಂತ ಹಟ ಹಿಡಿದಿದ್ದಾಳೆ. ಆ ಕೆಲಸದಲ್ಲಿ ದಿನವಿಡೀ ಮಾಡೋದೇನು, ಸಂಪಾದನೆ ಇದೆಯಾ?
– ಒಬ್ಬ ತಂದೆ, ಹಾಸನ

ಉತ್ತರ: ಇದೆ ಸ್ವಾಮಿ, ಸ್ವಲ್ಪ ತಡ ಅಷ್ಟೇ. ಜ್ಯಾಮ್ ಅನ್ನೋ ಪ್ರವೇಶ ಪರೀಕ್ಷೆ ಬರೆದು ಎಂಎಸ್ಸಿ, ಆಮೇಲೆ ಐದಾರು ವರ್ಷ ಪಿಎಚ್‌ಡಿ. ನೆಟ್ ಅನ್ನೋ ರಾಷ್ಟ್ರೀಯ ಪರೀಕ್ಷೆಯಲ್ಲಿ ಜೆಆರ್‌ಎಫ್, ಅಂದರೆ ಸಂಶೋಧನೆಗೆ ಕೊಡೋ ಫೆಲೋಶಿಪ್, ಸಿಕ್ಕರೆ ಮೊದಲೆರಡು ವರ್ಷ ತಿಂಗಳಿಗೆ 37,000 ರೂಪಾಯಿ ಬರುತ್ತದೆ. ಕೆಲಸ ಅಂದರೆ ಸುಮ್ನೆ ಬೋರ್ಡ್ ಮೇಲೆ ಸೂತ್ರ ಬರೆಯೋದಲ್ಲ. ಪ್ರಯೋಗಕ್ಕೆ ಅಂತ ಗಾಳಿ ಹೊರಗೆಳೆದ ಸ್ಟೀಲ್ ಡಬ್ಬಿಯಲ್ಲಿ ಎಲ್ಲೋ ಕೂದಲೆಳೆಯಷ್ಟು ಸೋರಿಕೆ ಇರುತ್ತದೆ, ಅದನ್ನು ಹಿಡಿಯಲು ಒಂದೊಂದು ಜಾಯಿಂಟ್‌ಗೂ ಸಣ್ಣ ಪೈಪಿನಿಂದ ಹೀಲಿಯಂ ಅನಿಲ ಊದುತ್ತಾ, ಅದು ಒಳಗೆ ನುಸುಳಿತಾ ಅಂತ ಮೀಟರ್ ನೋಡುತ್ತಾ ಎರಡು ದಿನ ಹೋಗಿಬಿಡುತ್ತದೆ. ಉಳಿದ ಹೊತ್ತು ಜಾಸ್ತಿ ಕಂಪ್ಯೂಟರ್ ಕೋಡ್ ಬರೆಯೋದೇ. ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿಯ ಬೇಸಿಗೆ ಫೆಲೋಶಿಪ್‌ಗೆ ಈಗಲೇ ಅರ್ಜಿ ಹಾಕಿಸಿ, ಎರಡು ತಿಂಗಳು ಲ್ಯಾಬ್‌ನಲ್ಲಿ ಕೂತು ಬಂದ ಮೇಲೂ ಹಟ ಹಾಗೇ ಇದ್ದರೆ ನೀವು ಅಡ್ಡ ಬರಬೇಡಿ.